ಬರುವಾಗ ಬಸ್ಸು

ನನ್ನ ಸೋದರತ್ತೆ ಎರಡು ವರ್ಷಗಳಿಂದ ಬೆಳಿಗ್ಗೆ ಎದ್ದು ಓಡುತ್ತಾಳೆ. ಆದರೆ ಈ ಎರಡು ವರ್ಷಗಳಲ್ಲಿ ಅವಳು ಒಂದೇ ಒಂದು ದಿನವೂ ಓಡಿಕೊಂಡು ಮನೆಗೆ ಮರಳಿದ್ದಿಲ್ಲ ಎಂದರೆ ನೀವು ನಂಬುತ್ತೀರಾ? ನಂಬದಿದ್ದರೆ ಅವರ್ಸಾಕ್ಕೆ ಬಂದು ಯಾರನ್ನಾದರೂ ಕೇಳಿ. ಹಾಗಂತ ಅವಳೇನು ದಾರಿಯಲ್ಲಿ ಕಾಣೆಯಾಗುವುದಿಲ್ಲ. ಏಳೂವರೆಗೆಲ್ಲ ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಚಾ ಕುಡಿಯುತ್ತಿರುತ್ತಾಳೆ. ಹೋಗುವಾಗ ಓಟ, ಬರುವಾಗ ಬಸ್ಸು. ಇಂಥವಳನ್ನು ಪೂರ್ತಿ ಓಟಗಾರ್ತಿ ಎನ್ನಬೇಕೋ ಅರ್ಧ ಓಟಗಾರ್ತಿ ಎನ್ನಬೇಕೋ ನೀವೇ ಹೇಳಿ. ನಾನಂತೂ ಹೇಳುವುದಿಲ್ಲ. ನನಗೆ ಅವಳ ಮನೆಯ ಮೀನುಸಾರು ಇನ್ನೂ ಬೇಕಾಗಿದೆ!

ಅತ್ತೆಗೆ ಈಗ ಅರವತ್ತೆರಡು. ಇಪ್ಪತ್ತು ವರ್ಷ ಶಾಲೆಯೊಂದರ ಬಿಸಿಯೂಟದ ಅಡುಗೆಮನೆಯಲ್ಲಿ ಸಿಮೆಂಟಿನ ನೆಲದ ಮೇಲೆ ನಿಂತು ಅನ್ನ ಬೇಯಿಸಿದವಳು. ಅರವತ್ತು ತುಂಬಿದ ದಿನ ಒಂದು ಶಾಲು ಹೊದಿಸಿ, ಗೋಡೆ ಗಡಿಯಾರವೊಂದನ್ನು ಕೈಗಿತ್ತು, "ಇನ್ನು ಮನೆಯಲ್ಲಿ ಆರಾಮಾಗಿರಿ" ಎಂದು ಕಳಿಸಿಕೊಟ್ಟರು. ಬೇರೆಯವರಾಗಿದ್ದರೆ ಕೈ ಮುಗಿದು ಬರುತ್ತಿದ್ದರು. ಅತ್ತೆಗೆ ಆ 'ಆರಾಮ' ಎಂಬ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು.

"ಆರಾಮಾಗಿರಿ ಅಂದ್ರೆ ಎಂತ ಅರ್ಥ ತಮಾ? ಇನ್ನು ನೀ ಬೇಡ ಅಂತ ಅಲ್ದಾ?" ಎಂದು ನನ್ನನ್ನು ಕೇಳಿದಳು. ನಾನು ಗಡಿಯಾರ ಚೆನ್ನಾಗಿದೆ ಎಂದೆ. ಮರುದಿನ ಆ ಗಡಿಯಾರದಲ್ಲಿ ಆರು ಹೊಡೆಯುವ ಮೊದಲೇ ಅವಳು ಸಮುದ್ರದ ದಂಡೆಯಲ್ಲಿದ್ದಳು.

ಉಡುಪಿನ ಬಗ್ಗೆ ಹೇಳಲೇಬೇಕು. ತೀರಿಕೊಂಡ ಮಾವನ ಪಟ್ಟೆಪಟ್ಟೆ ಪೈಜಾಮ, ಅದರ ಮೇಲೆ ಮಾವನದೇ ತುಂಬುತೋಳಿನ ಬಿಳಿ ಅಂಗಿ, ಸೊಂಟಕ್ಕೆ ಒಂದು ಬಟ್ಟೆಯ ಚೀಲ, ಅದರೊಳಗೆ ಆಧಾರ್ ಕಾರ್ಡು. ಮಾವ ನಿಧಾನದ ಮನುಷ್ಯ. ಅವನು ಬದುಕಿದ್ದಾಗ ಈ ಅಂಗಿ ಒಂದು ದಿನವೂ ಇಷ್ಟು ಬೆವರಿದ್ದಿಲ್ಲ ಎಂದು ಅತ್ತೆಯೇ ಹೇಳುತ್ತಾಳೆ. ಮೊದಲ ದಿನ ಬಲೆ ಬಿಡಿಸುತ್ತ ಕುಳಿತಿದ್ದವನೊಬ್ಬ, ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದು ಕೇಳಿದನಂತೆ. "ಯಾರೂ ಇಲ್ಲ, ನೀನೇ ಅಟ್ಟಿಸ್ಕಂಡು ಬಾ, ಸಿಗ್ತೆನಾ ನೋಡುವ" ಎಂದು ಹೇಳಿ ಇವಳು ಮುಂದೆ ಹೋದಳಂತೆ. ಆಮೇಲೆ ಯಾರೂ ಕೇಳಲಿಲ್ಲ.

ಅವಳ ದಾರಿ ಸರಳ. ಅವರ್ಸಾದ ದಂಡೆಗಿಳಿದು ಬಡಗಣಕ್ಕೆ ಮುಖ ಮಾಡುವುದು, ನೀರು ಬಂದು ಹೋಗಿ ಗಟ್ಟಿಯಾದ ಒದ್ದೆ ಮರಳಿನ ಮೇಲೆ ಹಾರವಾಡದ ಕಡೆಗೆ ಓಡುವುದು, ಬಂಡೆಗಳು ಅಡ್ಡ ಬಂದಲ್ಲಿ ನಿಲ್ಲುವುದು. ಅಲ್ಲಿ ಎರಡು ನಿಮಿಷ ಸೊಂಟದ ಮೇಲೆ ಕೈಯಿಟ್ಟು ಮುಂದಿನ ಗುಡ್ಡವನ್ನು ನೋಡುವುದು. ಆಮೇಲೆ ಹೆದ್ದಾರಿಗೆ ಹತ್ತಿ ಬಸ್ಸಿಗೆ ಕೈ ತೋರಿಸುವುದು. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿರುವುದೇ ತನ್ನ ಓಟಕ್ಕಾಗಿ ಎಂದು ಅವಳು ತಿಳಿದಂತಿದೆ. ಮಂಡಿಯ ತನಕ ಮರಳು ಮೆತ್ತಿಕೊಂಡು ಹತ್ತುವ ಈ ಪೈಜಾಮದ ಹೆಂಗಸನ್ನು ಕಂಡು ಒಬ್ಬ ಹೊಸ ಕಂಡಕ್ಟರ್ ಎಲ್ಲಿಂದ ಬಂದಿರಿ ಎಂದು ವಿಚಾರಿಸಿದ. ಅವರ್ಸಾದಿಂದ ಓಡಿ ಬಂದೆ ಎಂದಳು. ಎಲ್ಲಿಗೆ ಹೋಗಬೇಕು ಎಂದ. ಅವರ್ಸಾಕ್ಕೆ ಎಂದಳು. ಆ ಬಡಪಾಯಿ ಸ್ವಲ್ಪ ಹೊತ್ತು ಟಿಕೆಟ್ ಯಂತ್ರವನ್ನೇ ನೋಡುತ್ತ ನಿಂತನಂತೆ. ಈಗ ಅದೇ ಕಂಡಕ್ಟರ್ ಅವಳಿಗಾಗಿ ಮುಂದಿನ ಸೀಟಿನ ಮೇಲೆ ಹಳೆಯ ಪೇಪರ್ ಹಾಸಿಡುತ್ತಾನೆ. ಮರಳಿನ ಭಯಕ್ಕೋ ಮರ್ಯಾದೆಗೋ ಗೊತ್ತಿಲ್ಲ.

ಒಂದೂವರೆ ವರ್ಷ ಹೀಗೆಯೇ ನಡೆಯಿತು. ಎಡವಟ್ಟು ಶುರುವಾದದ್ದು ನನ್ನಿಂದ. ನಾನು ಕಾರವಾರದಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತ, ಇರುವುದೂ ಅಲ್ಲೇ. ಕಾರವಾರದ ಕಡಲತೀರದಲ್ಲಿ ಯಾರು ಬೇಕಾದರೂ ಸೇರಬಹುದಾದ ಒಂದು ಓಟ ಏರ್ಪಾಡಾಗಿತ್ತು. ಮರಳಿನ ಮೇಲೆ ಐದು ಕಿಲೋಮೀಟರ್, ಒಂದು ಗಂಟೆಯೊಳಗೆ ಮುಗಿಸಬೇಕು. ನಮ್ಮ ಕಚೇರಿಯಲ್ಲಿ ಹೆಸರು ಬರೆಸಿಕೊಳ್ಳಲು ಹಾಳೆ ಬಂದಾಗ ನಾನು ನಗೆಯಾಡುತ್ತ ಅತ್ತೆಯ ಹೆಸರು ಬರೆದೆ. ನಾಲ್ಕು ದಿನ ಬಿಟ್ಟು ವಿಚಾರಿಸಿದರೆ ಅರವತ್ತು ದಾಟಿದ ಹೆಂಗಸರ ವಿಭಾಗದಲ್ಲಿ ಇರುವುದು ಅವಳದೊಂದೇ ಹೆಸರು! ಮುಟ್ಟಿದರೆ ಸಾಕು, ಮೊದಲನೆಯವಳು. ಇದನ್ನು ಕೇಳಿ ಅತ್ತೆ ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಮುಖ ಗಂಟಿಕ್ಕಿದಳು. ಉಳಿದ ಹೆಂಗಸರೆಲ್ಲ ಆರಾಮಾಗಿದ್ದಾರೆ ಅಂತಾಯ್ತು, ನಾನಾದರೂ ಮುಟ್ಟಲೇಬೇಕು ಎಂದು ಮರುದಿನದಿಂದಲೇ ಓಟವನ್ನು ದುಪ್ಪಟ್ಟು ಮಾಡಿದಳು. ಹೇಗೆ ಗೊತ್ತೇ? ಬಂಡೆಯ ತನಕ ಓಡುವುದು, ಬಸ್ಸಿನಲ್ಲಿ ಬರುವುದು, ಮತ್ತೆ ಓಡುವುದು, ಮತ್ತೆ ಬಸ್ಸು. ಕಂಡಕ್ಟರ್ ಎರಡೆರಡು ಸಲ ಪೇಪರ್ ಹಾಸಬೇಕಾಯಿತು.

ಮೂರೇ ವಾರ. ಎಡಗಾಲಿನ ಮಂಡಿಯ ಹೊರಬದಿಯಲ್ಲಿ ನೋವು ಶುರುವಾಯಿತು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವಳು, ನಾನು ನೋಡುತ್ತಿದ್ದೇನೆಂದು ತಿಳಿದರೆ ಗೋಡೆಯಲ್ಲಿ ಜೇಡರ ಬಲೆ ಇದೆಯೆಂದು ಕೈಯಿಂದ ಸವರುವಳು. ಆ ತಿಂಗಳು ಅವಳ ಮನೆಯ ಗೋಡೆಗಳು ಅಷ್ಟು ಶುಭ್ರವಾಗಿದ್ದವು!

ನಾನು ಫೋನಿನಲ್ಲಿ ಹುಡುಕಿ, ಹವ್ಯಾಸಕ್ಕೆ ಓಡುವವರ ಕಾಲಿಗೆ ಯಾಕೆ ಪೆಟ್ಟಾಗುತ್ತದೆ ಎಂಬ ದೊಡ್ಡದೊಂದು ಪಟ್ಟಿ ತೆಗೆದೆ. ಭಾನುವಾರ ಅವರ್ಸಾಕ್ಕೆ ಹೋಗಿ, ಅವಳು ಮೀನು ಕೊಯ್ಯುತ್ತಿರುವಾಗ ಎದುರಿಗೆ ಕುಳಿತು ಒಂದೊಂದಾಗಿ ಓದಿದೆ. ಓಟಕ್ಕೆ ಹೊಸಬರಾಗಿರುವುದು. "ಎರಡು ವರ್ಷ ಆಗ್ತಾ ಬಂತು, ನೀನು ಕಚೇರಿ ಸೇರಿ ಎರಡು ವರ್ಷಕ್ಕೆ ಹಳಬ ಅಂತಿದ್ದೆ" ಎಂದಳು. ತೂಕ ಹೆಚ್ಚಿರುವುದು. ನನ್ನ ಹೊಟ್ಟೆಯನ್ನು ನೋಡಿದಳು. ದೂರವನ್ನು ಒಮ್ಮೆಲೇ ಹೆಚ್ಚಿಸುವುದು. ಕತ್ತಿ ಸ್ವಲ್ಪ ತಡೆಯಿತು, ಮತ್ತೆ ಮೀನಿಗಿಳಿಯಿತು. ವಿಶ್ರಾಂತಿಯ ದಿನ ಇಟ್ಟುಕೊಳ್ಳದಿರುವುದು. ಸಮುದ್ರ ವಾರಕ್ಕೊಂದು ರಜೆ ತೆಗೆದುಕೊಳ್ಳುತ್ತದೆಯೇ ಎಂದು ಕೇಳಿದಳು. ಮೊದಲು ಯಾವಾಗಲಾದರೂ ಕಾಲಿಗೆ ಪೆಟ್ಟಾಗಿರುವುದು.

ಇಲ್ಲಿ ಅವಳು ಕತ್ತಿ ಕೆಳಗಿಟ್ಟಳು. ಪೆಟ್ಟಾಗಿತ್ತು. ಹದಿನೈದು ವರ್ಷದ ಹಿಂದೆ ಅಗಸೂರಿನ ಮದುವೆಯೊಂದರಲ್ಲಿ ಪಾಯಸದ ಪಾತ್ರೆ ಎತ್ತಿಕೊಂಡು ಚಪ್ಪರದ ಕಡೆಗೆ ಮೆಟ್ಟಿಲಿಳಿಯುವಾಗ ಎಡಗಾಲು ಮಡಚಿ ಬಿದ್ದಿದ್ದಳು. ಬಿದ್ದದ್ದು ಅವಳು ಮಾತ್ರ, ಪಾತ್ರೆಯಲ್ಲ. ಕುಳಿತಲ್ಲಿಂದಲೇ ಪಾತ್ರೆಯನ್ನು ಮೇಲೆತ್ತಿ ಹಿಡಿದಿದ್ದಳು, ಒಂದು ಹನಿ ಚೆಲ್ಲಿರಲಿಲ್ಲ. ಈ ಕತೆಯನ್ನು ನಮ್ಮ ಬಳಗದಲ್ಲಿ ಕೇಳದವರಿಲ್ಲ. ಆದರೆ ಆ ಕಾಲನ್ನು ಯಾರಿಗೂ ತೋರಿಸಿರಲಿಲ್ಲ, ಅರಿಶಿನ ಹಚ್ಚಿ ಕಟ್ಟಿದ್ದೇ ಮದ್ದು, ಮರುದಿನ ಅಡುಗೆಮನೆಯಲ್ಲಿ ನಿಂತಾಗಿತ್ತು. ಆ ಪಟ್ಟಿಯನ್ನು ಪರೀಕ್ಷೆ ಎಂದು ಲೆಕ್ಕ ಹಿಡಿದರೆ ಅತ್ತೆ ಮೊದಲ ದರ್ಜೆಯಲ್ಲಿ ಪಾಸು. ಇಷ್ಟೆಲ್ಲ ಕಾರಣಗಳಿರುವವರ ಕಾಲು ನೋಯದಿದ್ದರೆ ಆ ಪಟ್ಟಿಗೇ ಅವಮಾನ ಎಂದೆ.

"ಈ ಪಟ್ಟಿ ಮಾಡಿದವರು ಓಡ್ತಾರಾ?" ಎಂದಳು ಅತ್ತೆ.

ಅದನ್ನು ಪಟ್ಟಿಯಲ್ಲಿ ಬರೆದಿಲ್ಲ ಎಂದೆ.

"ಮತ್ತೆ ನೀನು?"

ನಾನು ಫೋನು ಜೇಬಿಗಿಟ್ಟೆ.

ಬರಿಗಾಲಲ್ಲಿ ಓಡುವುದೇ ತಪ್ಪೇನೋ ಎಂದು ಒಳ್ಳೆಯ ಬೂಟು ತಂದುಕೊಟ್ಟೆ. ಅತ್ತೆ ಅದನ್ನು ದಿನಾ ಸೋಪು ಹಾಕಿ ತೊಳೆದು ಅಂಗಳದಲ್ಲಿ ಒಣಗಿಸಿದಳು. ಐದನೆಯ ದಿನ ಬಲಗಾಲಿನದನ್ನು ನಾಯಿ ಕಚ್ಚಿಕೊಂಡು ಹೋಯಿತು. ಬೇರೆ ತರುತ್ತೇನೆಂದೆ. ಎಂತಕ್ಕೆ ಎಂದಳು. ನೋಯುವುದು ಎಡಗಾಲು, ಬೂಟಿರುವುದೂ ಎಡಗಾಲಿನದೇ, ನಾಯಿಗೆ ನಿನಗಿಂತ ಹೆಚ್ಚು ತಿಳಿವಳಿಕೆ ಇದೆ ಎಂದಳು. ಮರುದಿನದಿಂದ ಎಡಗಾಲಿಗೆ ಬೂಟು, ಬಲಗಾಲು ಬರಿಗಾಲು! ಹಾಗೆ ಓಡಿದರೆ ಒಳ್ಳೆಯದೆನಿಸುತ್ತದೆ, ನೆಲ ಸಮನಾದ ಹಾಗಿರುತ್ತದೆ ಎಂದು ಬೇರೆ ಹೇಳಿದಳು. ನಾನು ನಕ್ಕೆ. ನಗಬಾರದಿತ್ತು ಎಂದು ಆಮೇಲೆ ತಿಳಿಯಿತು.

ನೋವು ಮಾತ್ರ ಕಡಿಮೆಯಾಗಲಿಲ್ಲ. ಓಟಕ್ಕೆ ಇನ್ನು ಎರಡೂವರೆ ತಿಂಗಳು. ಕಾರವಾರದಲ್ಲಿ ಎಲುಬಿನ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ಬೆಳಕಿಗೆ ಹಿಡಿದು, ಎಲುಬು ಚೆನ್ನಾಗಿದೆ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಈ ವಯಸ್ಸಿಗೆ ಓಟ ಯಾಕೆ ಬೇಕು, ಪೂರ್ತಿ ಬಿಟ್ಟುಬಿಡಿ, ಆರಾಮಾಗಿರಿ ಎಂದುಬಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ. ಲೋಕದಲ್ಲಿ ಎಷ್ಟೆಲ್ಲ ಮಾತುಗಳಿರುವಾಗ ಅವರಿಗೆ ಅದೇ ಸಿಗಬೇಕೆ?

ಅತ್ತೆ ಎದ್ದು ನಿಂತಳು. "ಡಾಕ್ಟ್ರೇ, ನೂರಿಪ್ಪತ್ತು ಮಕ್ಕಳ ಅನ್ನದ ಪಾತ್ರೆ ಎತ್ತುವಾಗ ನನ್ನ ವಯಸ್ಸು ಯಾರೂ ಕೇಳ್ಲಿಲ್ಲ. ಈಗ ನಾನು ನನ್ನನ್ನೇ ಎತ್ಕಂಡು ಓಡ್ತೆ. ಅದಕ್ಕೆ ವಯಸ್ಸು ಕೇಳ್ತ್ರಿ."

ಡಾಕ್ಟರರು ಒಳ್ಳೆಯವರು. ಸಿಟ್ಟಾಗಲಿಲ್ಲ. ಒಂದು ಚೀಟಿಯಲ್ಲಿ ಬರೆದು, ಹತ್ತಿರದಲ್ಲೇ ಇದ್ದ ಫಿಸಿಯೋಥೆರಪಿಯವಳ ಬಳಿ ಕಳಿಸಿದರು. ಅವರಿಗೂ ಅತ್ತೆಯನ್ನು ಅಲ್ಲಿಂದ ಕಳಿಸಿದರೆ ಸಾಕಾಗಿತ್ತು.

ಫಿಸಿಯೋಥೆರಪಿಯವಳು ಇಪ್ಪತ್ತೈದು ಇಪ್ಪತ್ತಾರರ ಹುಡುಗಿ, ಕೊಂಕಣಿ ಮನೆಮಾತಿನವಳು, ಅತ್ತೆಯನ್ನು ಮೊದಲ ಮಾತಿಗೇ ಮಾವ್ಶಿ, ಅಂದರೆ ಚಿಕ್ಕಮ್ಮ, ಎಂದು ಕರೆದಳು. ನಡೆಸಿ ನೋಡಿದಳು, ಒಂದೇ ಕಾಲಲ್ಲಿ ನಿಲ್ಲಿಸಿದಳು, ಸೊಂಟ ಒತ್ತಿದಳು. ಆಮೇಲೆ ಆ ಒಂಟಿ ಬೂಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಎಡಗಾಲನ್ನು ಎತ್ತರ ಮಾಡಿಕೊಳ್ಳಿ ಎಂದು ನಿಮಗೆ ಯಾರು ಹೇಳಿದರು ಎಂದು ಕೇಳಿದಳು. ನಾಯಿ ಎಂದಳು ಅತ್ತೆ.

"ಮಾವ್ಶಿ, ನೀವು ಓಡುವಾಗ ಸಮುದ್ರ ಯಾವ ಬದಿಗೆ ಇರ್ತದೆ?"

"ಎಡಕ್ಕೆ."

"ಮತ್ತೆ ಬರುವಾಗ?"

"ಬರುವಾಗ ಬಸ್ಸು."

ಹುಡುಗಿ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಮೇಜಿನ ಮೇಲಿದ್ದ ಒಂದು ಪುಸ್ತಕವನ್ನು ಓರೆಯಾಗಿ ಹಿಡಿದು ಎರಡು ಬೆರಳುಗಳನ್ನು ಅದರ ಮೇಲೆ ನಡೆಸಿ ತೋರಿಸಿದಳು. ದಂಡೆ ಸಮುದ್ರದ ಕಡೆಗೆ ಇಳಿಜಾರು. ಅದರ ಮೇಲೆ ಅಡ್ಡಕ್ಕೆ ಓಡಿದರೆ ಸಮುದ್ರದ ಬದಿಯ ಕಾಲು ಪ್ರತಿ ಹೆಜ್ಜೆಗೂ ತಗ್ಗಿನಲ್ಲಿ ಬೀಳುತ್ತದೆ. ಎಲ್ಲರೂ ಹೋದ ದಾರಿಯಲ್ಲೇ ಓಡಿ ಬರುತ್ತಾರೆ, ಆದ್ದರಿಂದ ಎರಡೂ ಕಾಲಿಗೆ ಪಾಲು ಸಮನಾಗುತ್ತದೆ. ಇವಳ ಎಡಗಾಲು ಒಂದೂವರೆ ವರ್ಷದಿಂದ ತಗ್ಗಿನಲ್ಲೇ ಓಡಿದೆ. ಮೊದಲೇ ಮಡಚಿದ್ದ ಕಾಲು ಅದು, ಅದರ ಮೇಲೆ ಒಮ್ಮೆಲೇ ದುಪ್ಪಟ್ಟು ದೂರ. ಅಂತೂ ಪಟ್ಟಿ ಸುಳ್ಳಾಗಿರಲಿಲ್ಲ, ನಾಯಿಯೂ ಸುಳ್ಳಾಗಿರಲಿಲ್ಲ!

ಮದ್ದೂ ಸುಲಭದ್ದೇ. ಮೂರು ವಾರ ಓಡದೆ, ಕಾಲಿಗೂ ಸೊಂಟಕ್ಕೂ ಶಕ್ತಿ ಬರುವ ವ್ಯಾಯಾಮ ಮಾಡಬೇಕು. ಆಮೇಲೆ ಸ್ವಲ್ಪ ಸ್ವಲ್ಪವೇ ಶುರು ಮಾಡಬೇಕು, ವಾರಕ್ಕೆ ಎರಡು ದಿನವಾದರೂ ಕಾಲಿಗೆ ಬಿಡುವು ಕೊಡಬೇಕು. ಬಿಡುವು ಎಂದ ಕೂಡಲೇ ಅತ್ತೆಯ ಹುಬ್ಬು ಮೇಲೇರಿತು. ಜಾಣ ಹುಡುಗಿ, ಬಿಡುವಿನ ದಿನವೂ ತಾಲೀಮಿನ ಲೆಕ್ಕಕ್ಕೇ ಬರುತ್ತದೆ ಎಂದಳು. ಹುಬ್ಬು ಇಳಿಯಿತು. ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಅರ್ಧ ದಾರಿ ಹೋಗಿ ಅರ್ಧ ದಾರಿ ಓಡಿಕೊಂಡೇ ಮರಳಬೇಕು. ಇಲ್ಲದಿದ್ದರೆ ಇದೇ ನೋವು ಮತ್ತೆ ಬರುತ್ತದೆ, ಕಾರವಾರದ ಓಟವನ್ನು ಮರೆಯಬೇಕಾಗುತ್ತದೆ.

"ಅದೊಂದು ಬಿಟ್ಟು ಬೇರೆ ಎಂತ ಬೇಕಾದ್ರೂ ಹೇಳು" ಎಂದಳು ಅತ್ತೆ.

ಇಷ್ಟು ದಿನ ನಾನು ಬಸ್ಸಿನಲ್ಲಿ ಮರಳುವುದನ್ನು ಅವಳ ಚಟವೆಂದೋ ಪುಕ್ಕಟೆ ಬಸ್ಸಿನ ಮೋಹವೆಂದೋ ತಿಳಿದಿದ್ದೆ. ಮರಳುವಾಗ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ರೇಗಿಬಿಟ್ಟೆ. ಓಡಿ ಹೋಗಲಿಕ್ಕಾಗುತ್ತದೆ, ಓಡಿ ಬರಲಿಕ್ಕೆ ಏನು ಧಾಡಿ ಎಂದೆ. ಅವಳು ಚೀಲದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಊರಿಗೆ ಬೆನ್ನು ಹಾಕಿ ಒಂದ್ ಸಲ ಓಡಿದ್ದೆ ತಮಾ. ಇನ್ನು ಓಡೂದಿಲ್ಲ."

ಊರು ಎಂದರೆ ಅವರ್ಸಾ ಅಲ್ಲ. ನಮ್ಮ ಊರು ಇದ್ದದ್ದು ಚೆಂಡಿಯಾದ ಬದಿಗೆ, ಸಮುದ್ರಕ್ಕೆ ತಾಗಿ. ನಮ್ಮ ಮನೆ, ಪಕ್ಕದಲ್ಲೇ ಅತ್ತೆಯ ಮನೆ, ನಡುವೆ ಬೇಲಿ ಇರಲಿಲ್ಲ. ಆ ನೆಲ ನೌಕಾನೆಲೆಗೆ ಹೋಯಿತು. ನಾನಾಗ ಎರಡನೇ ಕ್ಲಾಸು. ಮಂದಿ ಒಬ್ಬೊಬ್ಬರು ಒಂದೊಂದು ಕಡೆಗೆ ಹೋದರು, ನಮ್ಮ ಎರಡು ಮನೆಯವರು ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಅವರ್ಸಾಕ್ಕೆ ಬಂದೆವು. ಅತ್ತೆ ಇದರ ಬಗ್ಗೆ ಯಾವತ್ತೂ ಗೋಳಾಡಿದವಳಲ್ಲ. ದೇಶಕ್ಕೆ ನೆಲೆ ಬೇಡವೇ ಎಂದು ಬೇರೆಯವರೊಡನೆ ವಾದಕ್ಕಿಳಿದದ್ದೂ ಉಂಟು. ಆದರೆ ಬಂಡೆಯ ಬಳಿ ಸೊಂಟಕ್ಕೆ ಕೈಯಿಟ್ಟು ಅವಳು ದಿನಾ ನೋಡುವ ಗುಡ್ಡ ಇದೆಯಲ್ಲ, ಅದು ಊರಿನ ದಿಕ್ಕು ಎನ್ನುವುದು ನನಗೆ ಆವತ್ತೇ ಹೊಳೆದದ್ದು. ಅವಳು ಒಂದೂವರೆ ವರ್ಷದಿಂದ ಊರಿಗೆ ಹೋಗುತ್ತಿದ್ದಳು, ಬಂಡೆಯ ತನಕ. ಊರು ಬಿಟ್ಟು ಬರುವುದನ್ನು ಮಾತ್ರ ಬಸ್ಸಿಗೆ ವಹಿಸಿದ್ದಳು.

ಅದೆಲ್ಲ ಸರಿ, 'ಬೆನ್ನು ಹಾಕಿ ಓಡಿದ್ದೆ' ಎಂದದ್ದು ಯಾಕೆ? ನಾವೆಲ್ಲ ಟೆಂಪೋದಲ್ಲಿ ಕುಳಿತು ಬಂದವರು, ಓಡಿದವರು ಯಾರೂ ಇಲ್ಲ. ಅತ್ತೆ ಮಾತಿಗೆ ಸ್ವಲ್ಪ ಖಾರ ಹಾಕಿರಬೇಕು ಎಂದುಕೊಂಡು ಸುಮ್ಮನಾದೆ.

ಮೂರು ವಾರ ಅತ್ತೆ ಆ ಹುಡುಗಿ ಹೇಳಿದ ವ್ಯಾಯಾಮವನ್ನೆಲ್ಲ ಮಾಡಿದಳು. ಗೋಡೆಗೊರಗಿ ಕುಳಿತಳು, ಅಕ್ಕಿಚೀಲ ಹೊತ್ತು ಮೆಟ್ಟಿಲು ಹತ್ತಿದಳು, ಒಂಟಿ ಕಾಲಲ್ಲಿ ನಿಂತು ತೆಂಗಿನಕಾಯಿ ಹೆರೆಯಲು ಹೋಗಿ ಕೈ ಕೊಯ್ದುಕೊಂಡಳು. ನಾಲ್ಕನೆಯ ವಾರ ಫೋನು ಮಾಡಿ, ಹುಡುಗಿ ಹೇಳಿದ ಹಾಗೆ ಇವತ್ತು ಓಡಿಯೇ ಮರಳಿದೆ ಎಂದಳು. ನನಗೆ ಅನುಮಾನ. ಹೇಗೆ ಎಂದು ಕೆದಕಿದೆ. ಹಿಮ್ಮುಖವಾಗಿ ಓಡಿದ್ದಳು! ಮುಖ ಊರಿನ ಕಡೆಗೆ, ಕಾಲು ಅವರ್ಸಾದ ಕಡೆಗೆ. ಅರ್ಧ ದಾರಿಯಲ್ಲಿ ರಂಪಣಿ ಎಂಬ ದೊಡ್ಡ ಬಲೆಯನ್ನು ದಂಡೆಗೆ ಎಳೆಯುವವರ ಹಗ್ಗಕ್ಕೆ ಕಾಲು ಸಿಕ್ಕಿ ಅವರ ಸಾಲಿನ ನಡುವೆಯೇ ಕುಳಿತಳಂತೆ. ಕುಳಿತವಳು ಸುಮ್ಮನೆ ಏಳುವುದುಂಟೇ? ಹಗ್ಗ ಹಿಡಿದು ಎಳೆದಿದ್ದಾಳೆ. ನಮ್ಮ ದಂಡೆಯಲ್ಲಿ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು ಕೊಡುವುದು ರೂಢಿ. ಮಾವನ ಅಂಗಿಯ ಮಡಿಲಲ್ಲಿ ಬಂಗಡೆ ತುಂಬಿಕೊಂಡು ನಡೆದೇ ಮನೆಗೆ ಬಂದಿದ್ದಳು.

ಫಿಸಿಯೋಥೆರಪಿಯವಳಿಗೆ ಇದನ್ನು ಹೇಳಿದಾಗ ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಮತ್ತೆ ಆ ಪುಸ್ತಕವನ್ನು ಓರೆಯಾಗಿ ಹಿಡಿದಳು. ಮುಖ ಆ ಕಡೆಗೇ ಇದ್ದರೆ ಸಮುದ್ರವೂ ಎಡಕ್ಕೇ ಇರುತ್ತದಲ್ಲ, ತಗ್ಗಿಗೆ ಬೀಳುವುದು ಮತ್ತೆ ಅದೇ ಕಾಲು! ಬಂಗಡೆಯಲ್ಲದೆ ಬೇರೆ ಲಾಭವಾಗಿರಲಿಲ್ಲ.

ಓಟಕ್ಕೆ ಆರು ವಾರ ಉಳಿದಿತ್ತು. ಹೆಸರು ವಾಪಸು ತೆಗೆಸಲೇ ಎಂದು ಫೋನಿನಲ್ಲಿ ಕೇಳಿದೆ. ತೆಗೆಸು ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅತ್ತೆ ಮಾತಿಲ್ಲದೆ ಫೋನು ಇಟ್ಟದ್ದು ಅದೇ ಮೊದಲು. ಜಗಳಕ್ಕೆ ಬಾರದ ಅತ್ತೆಯನ್ನು ಇಟ್ಟುಕೊಂಡು ನಾನೇನು ಮಾಡಲಿ?

ಆ ವಾರ ಅವರ್ಸಾದಿಂದ ಕಾರವಾರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಬಸ್ಸು ಹಾರವಾಡ ದಾಟಿತು, ಚೆಂಡಿಯಾ ದಾಟಿತು, ಉದ್ದಕ್ಕೂ ನೆಲೆಯ ಗೋಡೆ ಬಂತು, ಹೋಯಿತು. ಕಾರವಾರದ ಬಂದರಿನ ಗುಡ್ಡ ಕಂಡಿತು. ಎಷ್ಟೋ ಸಲ ನೋಡಿದ್ದೇ. ಆವತ್ತು ಮಾತ್ರ ತಲೆಯೊಳಗೆ ಏನೋ ತಿರುಗಿ ಸರಿಯಾಗಿ ಕುಳಿತಿತು. ಮುಂದಿನ ಬಸ್ಸಿಗೇ ಹತ್ತಿ ವಾಪಸು ಅವರ್ಸಾಕ್ಕೆ ಹೋದೆ. ಕಚೇರಿಗೆ ರಜೆ ಹೇಳಲೂ ಮರೆತೆ.

ಅತ್ತೆ ಅಂಗಳದಲ್ಲಿದ್ದಳು. ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದೆ. ಇದು ಸಮುದ್ರ. ಇದು ಅವರ್ಸಾ. ಇದು ಕಾರವಾರ. ಅವರ್ಸಾದಿಂದ ಊರಿಗೆ ಓಡಿದರೆ ಬಡಗಣಕ್ಕೆ, ಸಮುದ್ರ ಎಡಕ್ಕೆ. ಕಾರವಾರದಿಂದ ಊರಿಗೆ ಓಡಿದರೆ ತೆಂಕಣಕ್ಕೆ, ಸಮುದ್ರ ಬಲಕ್ಕೆ! ಒಂದು ದಿನ ಇಲ್ಲಿಂದ ಓಡು, ಒಂದು ದಿನ ಅಲ್ಲಿಂದ ಓಡು. ಎರಡೂ ಕಾಲಿಗೆ ಪಾಲು ಸಮ, ಬೆನ್ನು ಹಾಕುವ ಪ್ರಶ್ನೆಯೇ ಇಲ್ಲ.

ಅತ್ತೆ ಕಡ್ಡಿ ತೆಗೆದುಕೊಂಡು ನಡುವೆ ಒಂದು ಚುಕ್ಕೆ ಇಟ್ಟಳು.

"ಊರು ನಡುವೆ ಅದೆ" ಎಂದಳು. "ಹಾಗಾದ್ರೆ ಎರಡೂ ಬದಿಯಿಂದ ಹೋಗುವ."

ಆಮೇಲೆ ಮಂಗಳವಾರ, ಶುಕ್ರವಾರ ಅವಳು ಮೊದಲ ಬಸ್ಸಿಗೆ ಕಾರವಾರಕ್ಕೆ ಬರತೊಡಗಿದಳು. ನಾನು ಸ್ಕೂಟರಿನಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆಗೆ ಕೊಂಡೊಯ್ದು ಬಿಡುವುದು, ಅವಳು ಬಂದರಿನ ಕಡೆಗೆ ಓಡುವುದು, ನಾನು ಈ ತುದಿಯಲ್ಲಿ ಕಾದು ನಿಲ್ಲುವುದು. ದಂಡೆಗೆ ವಾಕಿಂಗಿಗೆ ಬರುವ ಕಾರವಾರದ ದೊಡ್ಡ ಮನುಷ್ಯರು ಪಟ್ಟೆ ಪೈಜಾಮವನ್ನು ನೋಡಿ ನಕ್ಕರು. ನಗಲಿ! ಅವರೆಲ್ಲ ಅರ್ಧ ತಾಸು ನಡೆದು ಒಂದು ತಾಸು ತಿಂಡಿ ತಿನ್ನುವವರು, ಅವರ ಜಾತಿ ನನಗೆ ಗೊತ್ತು, ನಾನೂ ಅದೇ ಜಾತಿಯವನು. ಐದು ವಾರದಲ್ಲಿ ಅತ್ತೆ ಗೋಡೆ ಹಿಡಿಯದೆ ಮೆಟ್ಟಿಲಿಳಿದಳು. ಅವಳ ಮನೆಯಲ್ಲಿ ಜೇಡರು ಮತ್ತೆ ನೆಮ್ಮದಿಯಿಂದ ಬಲೆ ಕಟ್ಟಿದವು.

ಓಟದ ಹಿಂದಿನ ದಿನ ನನಗೊಂದು ಸಂಗತಿ ನೆನಪಾಯಿತು. ಓಟ ಶುರುವಾಗುವುದು ಬಂದರಿನ ಬದಿಯಿಂದ. ಎರಡೂವರೆ ಕಿಲೋಮೀಟರ್ ಬಡಗಣಕ್ಕೆ ಓಡಿ, ನೆಟ್ಟ ಬಾವುಟ ಸುತ್ತಿ, ಎರಡೂವರೆ ಕಿಲೋಮೀಟರ್ ಮರಳಬೇಕು. ಅಂದರೆ ಮೊದಲರ್ಧ ಊರಿಗೆ ಬೆನ್ನು! ಇದನ್ನು ಅತ್ತೆಗೆ ಹೇಳಿದೆ. ಗೊತ್ತು ಎಂದಳು. ಏನು ಮಾಡುತ್ತೀ ಎಂದೆ. ನಾಳೆ ನೋಡು ಎಂದಳು. ಆಮೇಲೆ, ನೀನೂ ಹೆಸರು ಕೊಡು ಎಂದಳು. ನನ್ನ ಹೊಟ್ಟೆಯ ನೆಪ ಹೇಳಿದೆ. ಅದನ್ನೂ ಕರೆದುಕೊಂಡು ಬಾ ಎಂದಳು.

ಬೆಳಿಗ್ಗೆ ಸೀಟಿ ಊದಿದರು. ನೂರಾರು ಮಂದಿ ಬಣ್ಣಬಣ್ಣದ ಬನಿಯನ್ನು ಹಾಕಿಕೊಂಡು ಮರಳು ಹಾರಿಸುತ್ತ ಓಡಿದರು. ಅತ್ತೆ ಎರಡೂ ಕಾಲಿಗೆ ಹೊಸ ಬೂಟು ಕಟ್ಟಿ, ಮಾವನ ಅಂಗಿಯ ತೋಳು ಮಡಚಿ, ಕೈ ಹಿಂದೆ ಕಟ್ಟಿಕೊಂಡು ನಡೆದಳು. ಹೌದು, ನಡೆದಳು! ಸಂತೆಗೆ ಹೋಗುವವರೂ ಅದಕ್ಕಿಂತ ಬಿರುಸಾಗಿ ನಡೆಯುತ್ತಾರೆ. ಸ್ವಲ್ಪ ಹೊತ್ತಿಗೆ ಎಲ್ಲರೂ ಕಣ್ಮರೆಯಾದರು, ದಂಡೆಯಲ್ಲಿ ನಾವಿಬ್ಬರೇ ಉಳಿದೆವು. ಸ್ವಯಂಸೇವಕನೊಬ್ಬ ಬಂದು, ಅಜ್ಜಿ, ಹುಷಾರಿದ್ದೀರಾ, ಓಡಬೇಕು ಎಂದ. ಓಡುತ್ತೇನೆ, ಈ ಕಡೆಗಲ್ಲ ಎಂದಳು. ಅವನು ನನ್ನ ಮುಖ ನೋಡಿದ. ನಾನು ಕಂಡಕ್ಟರನನ್ನು ನೆನೆದುಕೊಂಡೆ.

ನನಗೆ ಗಡಿಯಾರದ ಚಿಂತೆ. ಒಂದು ಗಂಟೆಯಲ್ಲಿ ಮುಟ್ಟದಿದ್ದರೆ ಹೆಸರು ಬರೆದುಕೊಳ್ಳುವುದಿಲ್ಲ, ಸ್ವಲ್ಪ ಓಡೋಣ, ಒಂದೇ ಸ್ವಲ್ಪ ಎಂದು ಗೋಗರೆದೆ.

"ಊರು ಬಿಟ್ಟು ಹೋಗೂಕೆ ಯಾರಾದ್ರೂ ಓಡ್ತಾರಾ ತಮಾ?" ಎಂದಳು.

ಅಷ್ಟು ಹೇಳಿ ನಾಲ್ಕು ಹೆಜ್ಜೆ ನಡೆದಳು. ಆಮೇಲೆ ನಕ್ಕಳು. "ನೀ ಓಡಿದ್ದೆ. ನೆನಪದ್ಯಾ?"

ನನಗೆ ನೆನಪಿರಲಿಲ್ಲ. ಅವಳು ಹೇಳಿದಳು. ಟೆಂಪೋಕ್ಕೆ ಸಾಮಾನು ಹೇರುತ್ತಿದ್ದರಂತೆ. ಹೊಸ ಮನೆಯಲ್ಲಿ ಫ್ಯಾನು ಇದೆ, ಗುಂಡಿ ಒತ್ತಿದರೆ ತಿರುಗುತ್ತದೆ ಎಂದು ಯಾರೋ ನನಗೆ ಹೇಳಿದ್ದರಂತೆ. ಎಲ್ಲರಿಗಿಂತ ಮೊದಲು ಆ ಗುಂಡಿ ಒತ್ತಬೇಕೆಂದು ನಾನು ಕೇಕೆ ಹಾಕಿಕೊಂಡು ಹೆದ್ದಾರಿಯ ಕಡೆಗೆ ಓಡಿದೆನಂತೆ. ಲಾರಿಗಳು ಹೋಗುವ ದಾರಿ. ಅತ್ತೆ ಆಗ ಖಾಲಿ ಮನೆಗೆ ಒಮ್ಮೆ ಕಸ ಹೊಡೆದು, ಬಾಗಿಲೆಳೆದುಕೊಂಡು ಬರೋಣವೆಂದು ಒಳಗೆ ಹೊರಟವಳು, ಕಸಬರಿಗೆಯನ್ನು ಅಂಗಳದಲ್ಲೇ ಬಿಸಾಕಿ ನನ್ನ ಹಿಂದೆ ಓಡಿದಳು. ಹಿಡಿಯುವಷ್ಟರಲ್ಲಿ ಹೆದ್ದಾರಿ ಬಂದಿತ್ತು, ಹಿಂದಿನಿಂದ ಟೆಂಪೋವೂ ಬಂದಿತ್ತು. ಅಲ್ಲಿಂದಲೇ ಹತ್ತಿದೆವು.

"ಒಂದ್ ಸಲ ತಿರುಗಿ ನೋಡೂಕೂ ಬಿಡ್ಲಿಲ್ಲ ನೀನು" ಎಂದಳು. ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ನಾನು ಸಣ್ಣವನಿದ್ದಾಗ ಸಕ್ಕರೆ ಡಬ್ಬಿ ಬೀಳಿಸಿದ್ದನ್ನು ಹೇಳು ಎಂದರೂ ಅವಳು ಇದೇ ದನಿಯಲ್ಲಿ ಹೇಳುತ್ತಿದ್ದಳು.

ಇಷ್ಟು ವರ್ಷ ಅವಳು ಇದನ್ನು ಯಾರಿಗೂ ಹೇಳಿಲ್ಲ. ನಮ್ಮ ಬಳಗದಲ್ಲಿ ಪಾಯಸದ ಪಾತ್ರೆಯ ಕತೆ ಎಲ್ಲರಿಗೂ ಗೊತ್ತು, ಈ ಕತೆ ಒಬ್ಬರಿಗೂ ಗೊತ್ತಿಲ್ಲ. ಹೇಳಿದರೆ ನಾನು ನೊಂದುಕೊಂಡೇನು ಎಂದು ಹೇಳದೆ ಇದ್ದಿರಬೇಕು. ನಾನು ಮುಖ ಮರೆಸಿಕೊಳ್ಳಲು ಬೂಟಿನ ದಾರ ಕಟ್ಟುವವನಂತೆ ಬಗ್ಗಿದೆ. ಅವಳು ಕಾದು ನಿಂತಳು. ನಾನು ಎದ್ದ ಮೇಲೆ ಇಬ್ಬರೂ ನಡೆದೆವು, ಅವಳಿಗಿಂತ ನಾನೇ ನಿಧಾನವಾಗಿ. ನಡುನಡುವೆ ನಿಂತು ಹಿಂದಕ್ಕೆ ತಿರುಗಿದೆವು. ಬಂದರಿನ ಗುಡ್ಡ ಕಾಣುತ್ತಿತ್ತು, ಅದರಾಚೆ ಏನೇನಿತ್ತೆಂದು ಅವಳು ಹೇಳಿದಳು, ನಾನು ಕೇಳಿದೆ. ಗಡಿಯಾರ ನೋಡಲಿಲ್ಲ.

ಬಾವುಟದ ಬಳಿ ಬಂದಾಗ ಅದನ್ನು ಕೀಳಲು ಒಬ್ಬ ಸಿದ್ಧನಾಗಿ ನಿಂತಿದ್ದ. ಅತ್ತೆ ಅದನ್ನು ಸುತ್ತಿದಳು. ಸೊಂಟದ ಚೀಲ ಬಿಗಿ ಮಾಡಿಕೊಂಡಳು. ಈಗ ಸಮುದ್ರ ಬಲಕ್ಕೆ ಬಂದಿತ್ತು.

"ಹಾಂ, ಈಗ ಓಡು" ಎಂದಳು.

ಓಡಿದಳು ನೋಡಿ! ಮಾವನ ಅಂಗಿ ಗಾಳಿಗೆ ಉಬ್ಬಿಕೊಂಡಿತು. ಪಟ್ಟೆ ಪೈಜಾಮ ಮಂಡಿಯ ತನಕ ಒದ್ದೆಯಾಯಿತು. ಎಡಗಾಲು ಬಲಗಾಲು ಎರಡೂ ಒಂದೇ ಸಮನೆ ಬೀಳುತ್ತಿದ್ದವು. ದೂರದಲ್ಲಿ ಓಟ ಮುಗಿಯುವ ಜಾಗದ ಕಮಾನು ಬಿಚ್ಚುತ್ತಿದ್ದವರು ಬಿಚ್ಚುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಗಂಟೆ ಮೀರಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ನನಗೆ ಉಸಿರು ಸಿಗುತ್ತಿರಲಿಲ್ಲ, ಪಕ್ಕೆ ಚುಚ್ಚುತ್ತಿತ್ತು, ಆ ಪಟ್ಟಿಯಲ್ಲಿದ್ದ ಕಾರಣಗಳೆಲ್ಲ ಒಟ್ಟಿಗೇ ನನ್ನ ಕಾಲಿಗೆ ಬಂದು ಸೇರಿದ್ದವು. ಆದರೂ ನಿಲ್ಲಲಿಲ್ಲ. ಅತ್ತೆ ಊರಿಗೆ ಹೋಗುತ್ತಿದ್ದಳು. ಈ ಸಲ ಅವಳ ಹಿಂದೆ ನಾನು ಓಡುತ್ತಿದ್ದೆ.